ರಾಮತೀರ್ಥದ ಗುಡ್ಡ ಮತ್ತು ಪಲಾಶಿಕೆಯ ಗುಡಿಗಳು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿ ಗ್ರಾಮದಿಂದ ಸುಮಾರು 2 ಕಿ.ಮೀ. ದೂರದಲ್ಲಿ ರಾಮತೀರ್ಥವೆಂಬ ಗುಡ್ಡವಿದೆ. ಗುಡ್ಡದ ಮೇಲೆ ರಾಮೇಶ್ವರನ ಹಳೆಯ ಕಲ್ಲುಗುಡಿ, ಅದರ ಹತ್ತಿರವೇ ತೀರ್ಥವೆಂದು ಜನ ನಂಬಿ ಬಂದಿರುವ ನೀರಿನ ತಾಣ. ಗುಡ್ಡಕ್ಕೆ ಹೆಸರು ಬಂದದ್ದು ಈ ನೀರಿನಿಂದಲೇ. ಕೆಳಗಿರುವ ಹಲಸಿಯಲ್ಲಿ ಭೂವರಾಹ ನರಸಿಂಹ, ಗೋಕರ್ಣೇಶ್ವರ, ಕಪಿಲೇಶ್ವರ, ಸುವರ್ಣೇಶ್ವರ, ಹಾಟಕೇಶ್ವರ, ಕಲ್ಮೇಶ್ವರ ಗುಡಿಗಳಿವೆ. ಹಳೆಯ ಜೈನ ಬಸದಿಯೊಂದಿದೆ. ಕೆಲವು ಗುಡಿಗಳಲ್ಲಿ ಇಂದಿಗೂ ದೀಪ ಹಚ್ಚುತ್ತಾರೆ, ಕೆಲವು ಪಾಳುಬಿದ್ದಿವೆ. ಗುಡ್ಡ ಬೇರೆ, ಊರು ಬೇರೆ ಎಂದು ನೋಡಿದರೆ ಎರಡೂ ಅರ್ಥವಾಗುವುದಿಲ್ಲ. ಕೆಳಗೆ ಅರಸರ ಪಟ್ಟಣ, ಮೇಲೆ ದೇವರ ಗುಡ್ಡ, ನಡುವೆ ತೀರ್ಥಗಳು ಎಂಬ ವಿನ್ಯಾಸ ಪ್ರಾಚೀನ ಕರ್ನಾಟಕದ ಹಲವು ಕಡೆ ಕಾಣುತ್ತದೆ. ಹಲಸಿ ಅದರ ಬಹು ಹಳೆಯ ಉದಾಹರಣೆಗಳಲ್ಲಿ ಒಂದು.

ಈ ಸೀಮೆ ಸಹ್ಯಾದ್ರಿಯ ಪೂರ್ವದ ಅಂಚಿನದು. ಲೋಂಡಾದಿಂದ ಬೆಳಗಾವಿಯ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಮೊದಲು ಗುಂಜಿ, ಅನಂತರ ಖಾನಾಪುರ ಸಿಗುತ್ತವೆ. ಬೆಳಗಾವಿ–ಪಣಜಿ ಹೆದ್ದಾರಿಯೂ ಗುಂಜಿಯ ಮಗ್ಗುಲಲ್ಲೇ ಸಾಗುತ್ತದೆ. ಗುಂಜಿಯ ಪೂರ್ವದ ಕಡೆಗೆ, ನಂದಗಡದ ಆಚೆ, ಹಲಸಿ ಇದೆ. ಪಶ್ಚಿಮಕ್ಕೆ ಸರಿದಷ್ಟೂ ಮಳೆ ಹೆಚ್ಚು, ಕಾಡು ದಟ್ಟ. ಅಲ್ಲಿನ ಭೀಮಗಡ ಅರಣ್ಯವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಪೂರ್ವಕ್ಕೆ ಬಂದಂತೆ ಕಾಡು ಸಡಿಲಗೊಂಡು ಬತ್ತದ ಗದ್ದೆಗಳೂ ಕೆಮ್ಮಣ್ಣಿನ ದಿನ್ನೆಗಳೂ ತೆರೆದುಕೊಳ್ಳುತ್ತವೆ. ಮಲಪ್ರಭೆ ಹುಟ್ಟುವುದು ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ. ಅಲ್ಲಿಂದ ಪೂರ್ವಕ್ಕೆ ಹರಿದು ಅದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಐಹೊಳೆ, ಪಟ್ಟದಕಲ್ಲುಗಳ ಗುಡಿಗಳು ಎದ್ದದ್ದು ಇದೇ ನದಿಯ ದಡದಲ್ಲಿ. ಕದಂಬ ಅರಸರ ಪಟ್ಟಣವಾದ ಹಲಸಿ ನದಿಯ ತಲೆಭಾಗದಲ್ಲಿದ್ದರೆ, ಅವರನ್ನು ಸೋಲಿಸಿದ ಚಾಲುಕ್ಯರ ಗುಡಿಗಳು ಅದರ ಕೆಳಹರಿವಿನಲ್ಲಿವೆ.

ಈ ಸೀಮೆಯಲ್ಲಿ ದೇವರು ಮೊದಲು ನೆಲೆಸಿದ್ದು ಕಟ್ಟಡಗಳಲ್ಲಿ ಅಲ್ಲ, ನೀರಿನ ಬಳಿ. ಕಣಕುಂಬಿಯಲ್ಲಿ ನದೀಮೂಲದ ಪಕ್ಕದಲ್ಲಿ ಮಾವುಲಿ ದೇವಿಯ ಗುಡಿಯಿದೆ. ಗುಂಜಿಯಲ್ಲೂ ಸುತ್ತಲಿನ ಹಳ್ಳಿಗಳಿಗೆ ದೊಡ್ಡ ದೇವರು ಮಾವುಲಿಯೇ. ಮಾವುಲಿಯೆಂದರೆ ತಾಯಿ. ಘಟ್ಟದ ಕೆಳಗೆ ಗೋವೆಯಲ್ಲಿ ಇಂಥ ತಾಯಿಯನ್ನು ಸಾತೇರಿಯೆಂದು ಕರೆದು ಹುತ್ತದ ರೂಪದಲ್ಲೇ ಪೂಜಿಸುವ ಗುಡಿಗಳು ಬಹಳ. ಮಣ್ಣು, ನೀರು, ಹುತ್ತಗಳ ಈ ಆರಾಧನೆಗೆ ಶಾಸನವಿಲ್ಲ, ಇಸವಿಯಿಲ್ಲ. ಆದ್ದರಿಂದ ಅದು ಶಾಸನಗಳಿಗಿಂತ ಎಷ್ಟು ಹಳೆಯದೆಂದು ಅಳೆಯಲು ಬರುವುದಿಲ್ಲ. ಬನವಾಸಿಯ ಕದಂಬರು ತಮ್ಮ ತಾಮ್ರಪಟಗಳಲ್ಲಿ ತಾವು ಸ್ವಾಮಿ ಮಹಾಸೇನನನ್ನೂ ಮಾತೃಗಣವನ್ನೂ ಧ್ಯಾನಿಸುವವರೆಂದು ಹೇಳಿಕೊಳ್ಳುತ್ತಾರೆ. ಹಲಸಿಯ ಒಂದು ಪಟದಲ್ಲಿ ಹೆಸರಾದ ಹೊಳೆ ಮಾತೃಸರಿತ್. ಇವುಗಳಿಂದ ಇಂದಿನ ಮಾವುಲಿಗೆ ನೇರ ಗೆರೆ ಎಳೆಯುವುದು ದುಡುಕು. ಆದರೂ ತಾಯಂದಿರ ಹೆಸರಿನಲ್ಲಿ ನೀರನ್ನು ಕರೆಯುವ ರೂಢಿ ಇಲ್ಲಿ ಕನಿಷ್ಠ ಹದಿನೈದು ಶತಮಾನ ಹಳೆಯದು ಎನ್ನಲು ಆ ಪಟವೊಂದೇ ಸಾಕು.

ಹಲಸಿಯ ಹಳೆಯ ಹೆಸರು ಪಲಾಶಿಕಾ. ಮಧ್ಯಯುಗದ ಶಾಸನಗಳಲ್ಲಿ ಅದು ಹಲಸಿಗೆಯಾಗುತ್ತದೆ. ಹಲಸಿಗೆ 12000 ಎಂಬುದು ಒಂದು ದೊಡ್ಡ ಆಡಳಿತ ವಿಭಾಗದ ಹೆಸರು. ಬನವಾಸಿಯ ಕದಂಬರಿಗೆ ವೈಜಯಂತಿ, ಅಂದರೆ ಬನವಾಸಿ, ಮೂಲ ರಾಜಧಾನಿ. ಪಲಾಶಿಕೆ ಉತ್ತರದ ಉಪರಾಜಧಾನಿ. ಮಯೂರಶರ್ಮ 4ನೆಯ ಶತಮಾನದಲ್ಲಿ ಕಟ್ಟಿದ ರಾಜ್ಯ ಮೂರ್ನಾಲ್ಕು ತಲೆಮಾರುಗಳಲ್ಲಿ ಮಲಪ್ರಭೆಯ ಮೇಲ್ಭಾಗದವರೆಗೆ ಹಬ್ಬಿದಾಗ, ಘಟ್ಟದ ದಾರಿಗಳನ್ನೂ ಕೊಂಕಣದ ವ್ಯಾಪಾರವನ್ನೂ ಕಾಯಲು ಈ ನೆಲೆ ಬೇಕಾಯಿತು. ಕದಂಬ ಅರಸ ರವಿವರ್ಮನ ಒಂದು ಪಟ ಇದನ್ನು ಸ್ಪಷ್ಟಮಾಡುತ್ತದೆ. ವಿಷ್ಣುವರ್ಮ ಮೊದಲಾದ ಅರಸರನ್ನು ಕೊಂದು, ಕಂಚಿಯ ಒಡೆಯ ಚಂಡದಂಡನನ್ನು ಕಿತ್ತೊಗೆದು ಅವನು ಪಲಾಶಿಕೆಯಲ್ಲಿ ನೆಲೆಯೂರಿದನೆಂದು ಅದು ಹೇಳುತ್ತದೆ. ವಿಷ್ಣುವರ್ಮ ಕದಂಬರದೇ ಇನ್ನೊಂದು ಕವಲಿನವನು. ಪಲಾಶಿಕೆಯ ಮೇಲಿನ ಹಿಡಿತ ಮನೆತನದ ಒಳಜಗಳದಲ್ಲೂ ನಿರ್ಣಾಯಕವಾಗಿತ್ತು.

ಹಲಸಿಯ ಆರಂಭದ ಇತಿಹಾಸ ನಮಗೆ ತಿಳಿಯುವುದು ಏಳು ತಾಮ್ರಪಟ ಶಾಸನಗಳಿಂದ. 19ನೆಯ ಶತಮಾನದಲ್ಲಿ, ಹಲಸಿಯಿಂದ ನಂದಗಡಕ್ಕೆ ಹೋಗುವ ದಾರಿಯಲ್ಲಿ, ಚಕ್ರತೀರ್ಥವೆಂಬ ಚಿಕ್ಕ ಬಾವಿಯ ಹತ್ತಿರದ ಮಣ್ಣಿನ ದಿಬ್ಬದಲ್ಲಿ ಇವು ಸಿಕ್ಕವು. ಜೆ. ಎಫ್. ಫ್ಲೀಟ್ ಇವನ್ನು ಓದಿ 1877ರಲ್ಲಿ ಇಂಡಿಯನ್ ಆಂಟಿಕ್ವರಿಯ 6ನೆಯ ಸಂಪುಟದಲ್ಲಿ ಒಟ್ಟಿಗೆ ಪ್ರಕಟಿಸಿದರು. ಭಾಷೆ ಸಂಸ್ಕೃತ, ಲಿಪಿ ಕನ್ನಡ ಲಿಪಿಯ ಪೂರ್ವರೂಪ. ಏಳೂ ಪಟಗಳು ಜೈನರಿಗೆ ಸಂಬಂಧಿಸಿದವು. ಬ್ರಾಹ್ಮಣ ಮೂಲದ, ಮಾನವ್ಯ ಗೋತ್ರದ ಅರಸರು ಜಿನಾಲಯಗಳಿಗೆ ಬಿಟ್ಟ ದತ್ತಿಗಳ ಕಾಗದಪತ್ರ ಇದು. ಏಳೂ ಒಂದೇ ಕಡೆ ಹೂತು ಸಿಕ್ಕಿದ್ದನ್ನು ನೋಡಿದರೆ, ಯಾವುದೋ ಕೇಡುಗಾಲದಲ್ಲಿ ಬಸದಿಯವರೇ ತಮ್ಮ ಹಕ್ಕುಪತ್ರಗಳನ್ನು ಒಟ್ಟುಮಾಡಿ ಮಣ್ಣಿಗೆ ಒಪ್ಪಿಸಿದರೆಂದು ಊಹಿಸುವುದು ತಪ್ಪಾಗಲಾರದು.

ಇವುಗಳಲ್ಲಿ ಅತ್ಯಂತ ಹಳೆಯದು ಕಾಕುಸ್ಥವರ್ಮನದು. ಅವನು ಆಗ ಯುವರಾಜ, ವಾಸ ಪಲಾಶಿಕೆಯಲ್ಲಿ. ಯುದ್ಧದಲ್ಲಿ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಅರ್ಹಂತರಿಗೆ ಸೇರಿದ ಖೇಟಗ್ರಾಮದಲ್ಲಿ ಒಂದು ಹೊಲವನ್ನು ಕೊಟ್ಟನೆಂಬುದು ವಿಷಯ. ಕಾಲವನ್ನು ವಿಜಯದ 80ನೆಯ ವರ್ಷ ಎಂದು ಹೇಳಿದೆ. ಈ 80ನ್ನು ಮಯೂರಶರ್ಮನ ಪಟ್ಟಾಭಿಷೇಕದಿಂದ ಎಣಿಸಬೇಕೆಂದು ಕೆಲವು ವಿದ್ವಾಂಸರು, ಗುಪ್ತ ಶಕದಿಂದ ಎಣಿಸಬೇಕೆಂದು ಇನ್ನು ಕೆಲವರು ವಾದಿಸಿದ್ದಾರೆ. ಯಾವ ಲೆಕ್ಕ ಹಿಡಿದರೂ ಪಟ 5ನೆಯ ಶತಮಾನದ ಮೊದಲರ್ಧದ ಆಸುಪಾಸಿಗೆ ಬರುತ್ತದೆ. ಹಲ್ಮಿಡಿಯ ಕನ್ನಡ ಶಾಸನದಲ್ಲಿ ಬರುವ ಕಾಕುಸ್ಥನೂ ಇವನೇ ಎಂಬುದು ಹಲವು ವಿದ್ವಾಂಸರ ಮತ. ಹಲ್ಮಿಡಿ ಬೇಲೂರಿನ ಹತ್ತಿರ, ಹಲಸಿ ಗೋವೆಯ ಘಟ್ಟದ ಹತ್ತಿರ. ಎರಡರ ನಡುವಿನ ನಾಡು ಒಂದೇ ಹೆಸರಿನ ಕೆಳಗೆ ಬಂದದ್ದು ಈ ಅರಸನ ಕಾಲದಲ್ಲಿ.

ಅವನ ಮೊಮ್ಮಗ ಮೃಗೇಶವರ್ಮ ತನ್ನ ಆಳ್ವಿಕೆಯ 8ನೆಯ ವರ್ಷದಲ್ಲಿ, ತೀರಿಹೋದ ತಂದೆಯ ನೆನಪಿಗಾಗಿ ಪಲಾಶಿಕೆ ನಗರದಲ್ಲಿ ಜಿನಾಲಯ ಕಟ್ಟಿಸಿದ. ಮಾತೃಸರಿತ್ ಹೊಳೆಯಿಂದ ಇಂಗಿಣಿ ಸಂಗಮದವರೆಗಿನ 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಸಂಘಗಳಿಗೆ ಬಿಟ್ಟ. ಮಗನು ತಂದೆಯ ನೆನಪಿಗೆ ಕಟ್ಟಿಸಿದ ಗುಡಿಯ ದಾಖಲೆಗಳಲ್ಲಿ ಕರ್ನಾಟಕದ ಮಟ್ಟಿಗೆ ಇದು ಬಹಳ ಹಿಂದಿನದು. ಮೃಗೇಶನ ಮಗ ರವಿವರ್ಮನ ಕಾಲದ ಪಟಗಳಲ್ಲಿ ದತ್ತಿಗಳು ಇನ್ನಷ್ಟು ಸಣ್ಣ ವಿವರಗಳಿಗೆ ಇಳಿಯುತ್ತವೆ. ರವಿಯ ತಮ್ಮ ಭಾನುವರ್ಮ ಪಲಾಶಿಕೆಯ ಕರ್ದಮಪಟಿ ಎಂಬಲ್ಲಿ 15 ನಿವರ್ತನ ಭೂಮಿ ಕೊಟ್ಟದ್ದು ಹುಣ್ಣಿಮೆಹುಣ್ಣಿಮೆಗೆ ಜಿನನಿಗೆ ಅಭಿಷೇಕ ನಡೆಯಲೆಂದು.

ಇವೆಲ್ಲಕ್ಕಿಂತ ಮನುಷ್ಯರ ಬದುಕು ಹತ್ತಿರದಿಂದ ಕಾಣುವುದು ರವಿವರ್ಮನ ಇನ್ನೊಂದು ಪಟದಲ್ಲಿ. ಅದು ಒಂದು ಕುಟುಂಬದ ಕಥೆಯನ್ನೇ ಹೇಳುತ್ತದೆ. ಕಾಕುಸ್ಥನಿಂದ ಶ್ರುತಕೀರ್ತಿ ಖೇಟಗ್ರಾಮ ಪಡೆದ. ಅವನು ಸತ್ತ ಮೇಲೆ ಮೃಗೇಶ ಅದನ್ನು ಅದೇ ಮನೆಯ ದಾಮಕೀರ್ತಿಯ ತಾಯಿಗೆ ಮತ್ತೆ ಕೊಟ್ಟ. ದಾಮಕೀರ್ತಿಯ ಹಿರಿಯ ಮಗ ಜಯಕೀರ್ತಿ ಅರಮನೆಯ ಪ್ರತಿಹಾರಿಯಾಗಿದ್ದು, ತಂದೆತಾಯಿಗಳ ಪುಣ್ಯಕ್ಕಾಗಿ ಪುರುಖೇಟಕವೆಂಬ ಊರನ್ನು ದೇವರಿಗೆ ಬಿಟ್ಟ. ಆ ಊರಿನ ಆದಾಯದಿಂದ ಪ್ರತಿ ವರ್ಷ ಕಾರ್ತಿಕದ ಹುಣ್ಣಿಮೆಯ ಹೊತ್ತಿಗೆ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಊಟ ಸಲ್ಲಬೇಕು. ಕುಮಾರದತ್ತ ಮೊದಲಾದ ಆಚಾರ್ಯರು ಇದರ ಹೊಣೆ ಹೊರಬೇಕು. ಜನಪದವೂ ನಗರವೂ ಸೇರಿ ಪೂಜೆ ಮುಂದುವರಿಸಬೇಕು. ಮುಂಗಾರು ಬಿಟ್ಟೂಬಿಡದೆ ಸುರಿಯುವ ಈ ಘಟ್ಟದ ಅಂಚಿನಲ್ಲಿ ನಾಲ್ಕು ತಿಂಗಳ ಅನ್ನದ ಏರ್ಪಾಡು ಎಷ್ಟು ಮುಖ್ಯವಾದದ್ದೆಂದು ಇಲ್ಲಿನವರಿಗೆ ವಿವರಿಸಬೇಕಿಲ್ಲ. ಸನ್ಯಾಸಿಗಳು ಸಂಚಾರ ನಿಲ್ಲಿಸಿ ಒಂದೆಡೆ ಉಳಿಯುವ ಚಾತುರ್ಮಾಸದ ಖರ್ಚನ್ನು ಒಂದು ಊರಿನ ಹುಟ್ಟುವಳಿಗೆ ಕಟ್ಟಿಹಾಕಿದ ಕ್ರಮ ಆ ಕಾಲದ ಧಾರ್ಮಿಕ ಸಂಸ್ಥೆಗಳ ಅರ್ಥವ್ಯವಸ್ಥೆಯನ್ನು ಒಂದೇ ವಾಕ್ಯದಲ್ಲಿ ತೋರಿಸುತ್ತದೆ. ಕಾರ್ತಿಕದ ಎಂಟು ದಿನಗಳ ಅಷ್ಟಾಹ್ನಿಕ ಪರ್ವವನ್ನು ಜೈನರು ಈಗಲೂ ಆಚರಿಸುತ್ತಾರೆ. ಗುಡಿ ಬಿದ್ದರೂ ಅದರ ಹಬ್ಬ ಉಳಿದಿದೆ.

ಯಾಪನೀಯರ ಬಗ್ಗೆ ಇಲ್ಲಿ ಎರಡು ಮಾತು ಅಗತ್ಯ. ಇವರು ದಿಗಂಬರರಂತೆ ನಗ್ನರಾಗಿರುತ್ತಿದ್ದರು, ಆದರೆ ಹೆಣ್ಣಿಗೂ ಅದೇ ಜನ್ಮದಲ್ಲಿ ಮುಕ್ತಿ ಉಂಟು ಎಂಬ ಮಾತಿನಲ್ಲಿ ಶ್ವೇತಾಂಬರರ ಜೊತೆಗಿದ್ದರು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ವ್ಯಾಕರಣಕಾರ ಶಾಕಟಾಯನ ಯಾಪನೀಯನೇ. ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಅವನು ಪ್ರತ್ಯೇಕ ಕೃತಿಯನ್ನೇ ಬರೆದ. ಮುಂದೆ ಈ ಸಂಘ ಕ್ರಮೇಣ ಮರೆಯಾಗಿ, ಅದರ ಬಸದಿಗಳು ದಿಗಂಬರರ ಕೈಗೆ ಬಂದವು. ಯಾಪನೀಯರ ಹೆಸರು ಸಿಗುವ ಅತ್ಯಂತ ಹಳೆಯ ಶಾಸನಗಳಲ್ಲಿ ಹಲಸಿಯ ಪಟಗಳು ಸೇರಿವೆ. ಕೂರ್ಚಕರ ವಿಷಯವೂ ಹಾಗೆಯೇ. ಇಂಥದೊಂದು ಸಂಘ ಇತ್ತೆಂಬುದಕ್ಕೆ ಮುಖ್ಯ ಆಧಾರ ಇಲ್ಲಿನ ತಾಮ್ರವೇ. ಭಾರತದ ಧರ್ಮಗಳ ಇತಿಹಾಸದಲ್ಲಿ ಹಲಸಿಗೆ ಸಲ್ಲಬೇಕಾದ ಸ್ಥಾನ ದೊಡ್ಡದು, ಸಂದಿರುವುದು ಸಣ್ಣದು.

ರವಿವರ್ಮನ ಮಗ ಹರಿವರ್ಮನ 4ನೆಯ ವರ್ಷದ ಪಟ ಹೊರಟದ್ದು ಉಚ್ಚಶೃಂಗಿ ಎಂಬ ಇನ್ನೊಂದು ಬೆಟ್ಟದ ನೆಲೆಯಿಂದ. ಅದು ಇಂದಿನ ಉಚ್ಚಂಗಿದುರ್ಗ. ಚಿಕ್ಕಪ್ಪ ಶಿವರಥನ ಮಾತಿನಂತೆ, ಸಿಂಹ ಸೇನಾಪತಿಯ ಮಗ ಮೃಗೇಶ (ಅರಸ ಮೃಗೇಶನಲ್ಲ) ಪಲಾಶಿಕೆಯಲ್ಲಿ ಕಟ್ಟಿಸಿದ ಜಿನಾಲಯಕ್ಕೆ ವಸುಂತವಾಟಕವೆಂಬ ಊರನ್ನು ಹರಿವರ್ಮ ಕೊಟ್ಟ. ಮರುವರ್ಷ ಸಾಮಂತರಾದ ಸೇಂದ್ರಕರ ಭಾನುಶಕ್ತಿಯ ಕೋರಿಕೆಯ ಮೇರೆಗೆ ಮರದೆ ಎಂಬ ಊರು ಇನ್ನೊಂದು ಶ್ರಮಣ ಸಂಘಕ್ಕೆ ಹೋಯಿತು. ಹೀಗೆ ಅರಸ, ಅರಸನ ತಮ್ಮ, ಸೇನಾಪತಿಯ ಮನೆ, ಸಾಮಂತ ಎಲ್ಲರೂ ಇಲ್ಲಿ ದಾನಿಗಳು. ಹರಿವರ್ಮನ ನಂತರ ಕದಂಬರ ಬಲ ಕುಗ್ಗಿತು. ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಒಂದನೆಯ ಪುಲಕೇಶಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದ. ಮಲಪ್ರಭೆಯ ಬಯಲು ಚಾಲುಕ್ಯರದಾಯಿತು.

ಈಗ ಕಲ್ಲಿನ ಕಡೆ ತಿರುಗಿದರೆ ಒಂದು ಕಂದರ ಎದುರಾಗುತ್ತದೆ. ಪಟಗಳಲ್ಲಿ ಹೆಸರಾದ ಜಿನಾಲಯಗಳು 5 ಮತ್ತು 6ನೆಯ ಶತಮಾನದವು. ಹಲಸಿಯಲ್ಲಿ ಎದ್ದು ನಿಂತಿರುವ ದೊಡ್ಡ ಗುಡಿ 12ನೆಯ ಶತಮಾನದ್ದು, ಅದೂ ವೈಷ್ಣವರದು. ನಡುವೆ ಆರು ನೂರು ವರ್ಷ. ಆರಂಭದ ಕದಂಬರ ಕಟ್ಟಡಗಳಲ್ಲಿ ಇಟ್ಟಿಗೆ, ಮರಗಳ ಪಾಲು ದೊಡ್ಡದಾಗಿತ್ತೆಂಬುದನ್ನು ನೆನೆದರೆ, ಘಟ್ಟದ ಮಳೆಯಲ್ಲಿ ಅವು ಉಳಿಯದಿದ್ದುದು ಆಶ್ಚರ್ಯವಲ್ಲ. ಊರಿನಲ್ಲಿರುವ ಹಳೆಯ ಬಸದಿಯನ್ನು ತೋರಿಸಿ ಮೃಗೇಶವರ್ಮನ ಜಿನಾಲಯ ಇದೇ ಎಂದು ಹೇಳುವುದುಂಟು. ಅಡಿಪಾಯದ ಉತ್ಖನನವಿಲ್ಲದೆ, ಕಟ್ಟಡದ ಸರಳ ರೂಪವೊಂದನ್ನೇ ನೆಚ್ಚಿ ಹಾಗೆ ತೀರ್ಮಾನಿಸುವುದು ಸರಿಯಲ್ಲ. ಸರಳವಾದದ್ದೆಲ್ಲ ಹಳೆಯದಾಗಿರಬೇಕಿಲ್ಲ.

12ನೆಯ ಶತಮಾನದ ಗುಡಿಗಳನ್ನು ಕಟ್ಟಿಸಿದವರು ಗೋವೆಯ ಕದಂಬರು. ತಾವು ಬನವಾಸಿಯ ಮನೆತನದ ಕುಡಿಗಳೆಂದು ಹೇಳಿಕೊಂಡ ಇವರು ಮೊದಲು ಚಂದ್ರಪುರದಿಂದ, ಅನಂತರ ಗೋಪಕಪಟ್ಟಣದಿಂದ ಆಳಿದರು. ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರು. ಎರಡನೆಯ ಜಯಕೇಶಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಮದುವೆಯಾದ. ಇವರ ಮಕ್ಕಳು ಶಿವಚಿತ್ತ ಪೆರ್ಮಾಡಿ ಮತ್ತು ವಿಷ್ಣುಚಿತ್ತ ವಿಜಯಾದಿತ್ಯ. ಅಣ್ಣನ ಬಿರುದಿನಲ್ಲಿ ಶಿವ, ತಮ್ಮನ ಬಿರುದಿನಲ್ಲಿ ವಿಷ್ಣು. ಇವರ ಚಿನ್ನದ ನಾಣ್ಯಗಳ ಮೇಲೆ ಸಿಂಹದ ಗುರುತು ಮತ್ತು ಕುಲದೇವರಾದ ಸಪ್ತಕೋಟೀಶ್ವರನ ಹೆಸರು ಇರುತ್ತವೆ. ಹಲವು ಶಾಸನಗಳಲ್ಲಿ ಶಕ ವರ್ಷದ ಬದಲು ಕಲಿಯುಗದ ವರ್ಷವನ್ನು ಬಳಸಿದ್ದು ಈ ಮನೆತನದ ವಿಶೇಷ.

ಹಲಸಿಯ ನರಸಿಂಹ ಗುಡಿಯ ಶಾಸನ ಕಲಿ 4270, ವಿರೋಧಿ ಸಂವತ್ಸರದ್ದು, ಅಂದರೆ ಕ್ರಿ.ಶ. 1169. ಪೆರ್ಮಾಡಿಯ ಆಳ್ವಿಕೆಯ 23ನೆಯ ವರ್ಷ. ಮಾತಾಯೋಗಿ ಎಂಬಾತ ಅನಂತವಿಕ್ರಮ ನರಸಿಂಹನನ್ನು ಇಲ್ಲಿ ಪ್ರತಿಷ್ಠಾಪಿಸಿದನೆಂದೂ ದೇವರಿಗೆ ಕಲಗಿರಿ ಕಂಪಣದ ಸಿಂದವಳ್ಳಿ ಗ್ರಾಮವನ್ನು ಅರಸ ಬಿಟ್ಟುಕೊಟ್ಟನೆಂದೂ ಅದು ತಿಳಿಸುತ್ತದೆ. ಎರಡು ವರ್ಷಗಳ ನಂತರ ವಿಜಯಾದಿತ್ಯನೂ ಅದೇ ದೇವರಿಗೆ ದಾನ ಕೊಟ್ಟ. ಎದುರಿನ ಭೂವರಾಹನ ಪ್ರತಿಷ್ಠೆ ಶತಮಾನದ ಕೊನೆಯ ದಶಕಗಳಲ್ಲಿ, ವಿಜಯಾದಿತ್ಯನ ಕಾಲಕ್ಕೆ ಸೇರುತ್ತದೆ. ಶಿವಭಕ್ತನ ಹೆಸರು ಹೊತ್ತ ಅಣ್ಣನೂ ವಿಷ್ಣುಭಕ್ತನ ಹೆಸರು ಹೊತ್ತ ತಮ್ಮನೂ ಒಂದೇ ನರಸಿಂಹನಿಗೆ ನಡೆದುಕೊಂಡದ್ದನ್ನು ಗಮನಿಸಬೇಕು.

ಭೂವರಾಹ ನರಸಿಂಹ ಗುಡಿಯ ವಿನ್ಯಾಸ ಅಪರೂಪದ್ದು. ಒಂದೇ ಮಂಟಪದ ಎರಡು ತುದಿಗಳಲ್ಲಿ ಎರಡು ಗರ್ಭಗೃಹಗಳು, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಮುಖಮಾಡಿ, ಒಂದನ್ನೊಂದು ನೋಡುತ್ತವೆ. ನರಸಿಂಹನದಾದ ಒಂದರಲ್ಲಿ ಕುಳಿತ ನಾಲ್ಕು ಕೈಗಳ ವಿಷ್ಣು, ಅಲ್ಲೇ ಸೂರ್ಯನಾರಾಯಣ ಮತ್ತು ಮಹಾಲಕ್ಷ್ಮಿ. ಇನ್ನೊಂದರಲ್ಲಿ ಭೂದೇವಿಯನ್ನು ಎತ್ತಿಹಿಡಿದು ನಿಂತ ಭೂವರಾಹ. ಮಂಟಪದ ನಡುವೆ ನಿಂತವನಿಗೆ ಒಬ್ಬ ದೇವರಿಗೆ ಬೆನ್ನು ತಿರುಗಿಸದೆ ಇನ್ನೊಬ್ಬನನ್ನು ನೋಡಲು ಸಾಧ್ಯವಿಲ್ಲ. ಅವು ಭಕ್ತನಿಗಿಂತ ಮೊದಲು ಪರಸ್ಪರ ನೋಡಲೆಂದೇ ನಿಂತಂತಿವೆ. ಕಂಬಗಳು ತಿಗರಿಯಲ್ಲಿ ತಿರುಗಿಸಿ ನಯಗೊಳಿಸಿದವು, ಕಲ್ಯಾಣ ಚಾಲುಕ್ಯರ ಕಾಲದ ಕೈಗೆಲಸ. ಹೊರಗೋಡೆಗಳು ಮಾತ್ರ ಬಹುಮಟ್ಟಿಗೆ ಬೋಳು. ಲಕ್ಕುಂಡಿ, ಇಟಗಿಗಳ ಗೋಡೆಗಳನ್ನು ನೋಡಿ ಬಂದವರಿಗೆ ಹಲಸಿ ಬಡವೆನಿಸಬಹುದು. ಆದರೆ ಗಟ್ಟಿ ಮಳೆಯ ಸೀಮೆಯಲ್ಲಿ ನೀರು ನಿಲ್ಲದ ಸಪಾಟು ಗೋಡೆಯೇ ತಕ್ಕದ್ದು, ಮತ್ತು ಆ ಸಂಯಮದಲ್ಲಿ ತನ್ನದೇ ಚೆಲುವಿದೆ.

ಶಿಖರದ ರೂಪ ಇಲ್ಲಿನ ಮುಖ್ಯ ಪಾಠ. ಅಡ್ಡಡ್ಡ ಕಲ್ಲಿನ ಹಂತಗಳು ಒಂದರ ಮೇಲೊಂದು ಕಿರಿದಾಗುತ್ತ ಹೋಗಿ, ತುದಿಯಲ್ಲಿ ಕಲಶ ಹೊತ್ತ ಮೆಟ್ಟಿಲು ಪಿರಮಿಡ್ಡನ್ನು ಕಟ್ಟಡಶಾಸ್ತ್ರದ ಚರಿತ್ರಕಾರರು ಕದಂಬ ಶಿಖರವೆಂದು ಕರೆಯುತ್ತಾರೆ. ಜಾರ್ಜ್ ಮೊರಾಯಸ್ 1931ರ ‘ದಿ ಕದಂಬ ಕುಲ’ ಗ್ರಂಥದಲ್ಲಿ ಈ ಶೈಲಿಗೆ ಪ್ರತ್ಯೇಕ ಸ್ಥಾನ ಕೊಟ್ಟರು. ಹಂಪಿಯ ಹೇಮಕೂಟ ಬೆಟ್ಟದ ಮೇಲೆ, ವಿಜಯನಗರಕ್ಕಿಂತ ಹಿಂದಿನ ಮೂರು ಗರ್ಭಗೃಹಗಳ ಗುಡಿಗಳ ಮೇಲೂ ಇದೇ ಬಗೆಯ ಶಿಖರಗಳಿವೆ. ಅವುಗಳ ರೂಪ ನೋಡಿ ಅವು ಜೈನ ಬಸದಿಗಳೆಂದು ಬಹುಕಾಲ ಜನರೂ ಮಾರ್ಗದರ್ಶಿಗಳೂ ಹೇಳುತ್ತಿದ್ದರು. ವಾಸ್ತವದಲ್ಲಿ ಅವು ಶೈವ ಗುಡಿಗಳು. ಅವುಗಳಲ್ಲೊಂದರ ಶಾಸನ ಕಂಪಿಲದೇವ ತನ್ನ ಹಿರಿಯರ ಹೆಸರಿನಲ್ಲಿ ಲಿಂಗಗಳನ್ನು ಸ್ಥಾಪಿಸಿದ್ದನ್ನು ಹೇಳುತ್ತದೆ. ಶಿಖರ ನೋಡಿ ಧರ್ಮ ಹೇಳಬಾರದೆಂಬ ಈ ಎಚ್ಚರ ಹಲಸಿಯಲ್ಲೂ ಬೇಕು. ಇಲ್ಲಿ ಜಿನ, ಶಿವ, ವಿಷ್ಣು ಮೂವರಿಗೂ ಗುಡಿ ಕಟ್ಟಿದ ಕೈಗಳು ಒಂದೇ ಪರಂಪರೆಯವು.

ಹಲಸಿಯ ಕಾಲದ್ದೇ ಆದ ಎರಡು ಗುಡಿಗಳನ್ನು ಜೊತೆಗಿಟ್ಟು ನೋಡಿದರೆ ಚಿತ್ರ ಪೂರ್ಣವಾಗುತ್ತದೆ. ಕಿತ್ತೂರಿನ ಹತ್ತಿರದ ದೇಗಾಂವಿಯ ಕಮಲನಾರಾಯಣ ಗುಡಿ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು. ಸಾಲಾಗಿ ಮೂರು ಗರ್ಭಗೃಹಗಳು, ಬಾಗಿಲುವಾಡ ಮತ್ತು ಛಾವಣಿಗಳಲ್ಲಿ ಸೂಕ್ಷ್ಮ ಕೆತ್ತನೆ; ಶಿಲ್ಪಿ ತಿಪ್ಪೋಜ. ಅಲ್ಲಿನ ಶಾಸನ ಕಲಿ 4275ರದು, ಕ್ರಿ.ಶ. 1174. ಹಲಸಿಯ ನರಸಿಂಹನಿಗೂ ಇದಕ್ಕೂ ಐದೇ ವರ್ಷದ ಅಂತರ. ಇನ್ನೊಂದು, ಘಟ್ಟದ ಕೆಳಗೆ ಗೋವೆಯ ಕಾಡಿನಲ್ಲಿರುವ ತಾಂಬ್ಡಿ ಸುರ್ಲದ ಮಹಾದೇವ ಗುಡಿ. ಕಪ್ಪು ಕಲ್ಲಿನ ಆ ಚಿಕ್ಕ ಗುಡಿ ದೂರದ ಕಾಡಿನಲ್ಲಿದ್ದುದರಿಂದಲೇ ಪೋರ್ಚುಗೀಸರ ಕಾಲವನ್ನು ದಾಟಿ ಉಳಿಯಿತು. ಅದರ ಕಲ್ಲು ಘಟ್ಟದ ಮೇಲಿನ ನಾಡಿನಿಂದ ಇಳಿದು ಬಂದದ್ದೆಂದು ಹೇಳುತ್ತಾರೆ. ಹಲಸಿ, ದೇಗಾಂವಿ, ತಾಂಬ್ಡಿ ಸುರ್ಲ ಒಂದೇ ರಾಜ್ಯದ ಮೂರು ಮುಖಗಳು. ಗುಂಜಿ, ಲೋಂಡಾ, ಅನ್ಮೋಡಗಳ ಮೂಲಕ ಇಂದು ರೈಲು ಮತ್ತು ಹೆದ್ದಾರಿ ಸಾಗುವ ಸೀಮೆಯೇ ಆಗ ಅವುಗಳ ನಡುವಿನ ಕೊಂಡಿ.

ರಾಮತೀರ್ಥದ ಗುಡ್ಡಕ್ಕೆ ಮರಳಿದರೆ, ಅಲ್ಲಿನ ರಾಮೇಶ್ವರ ಗುಡಿಯೂ ಈ ಎರಡನೆಯ ಕದಂಬ ಕಾಲದ ಪರಂಪರೆಗೇ ಸೇರುತ್ತದೆ. ರಾಮನು ವನವಾಸದಲ್ಲಿ ಬಂದು ಲಿಂಗ ಸ್ಥಾಪಿಸಿದನೆಂಬ ಬಗೆಯ ನಂಬಿಕೆ ರಾಮೇಶ್ವರ ಗುಡಿಗಳಿರುವ ಹಲವೆಡೆ ಇದೆ. ಹಲಸಿಯ ಗುಡಿಗಳ ಹೆಸರುಗಳನ್ನು ಒಟ್ಟಾಗಿ ಓದಿದಾಗ ಅದರ ಹಿಂದಿನ ಆಲೋಚನೆ ಹೊಳೆಯುತ್ತದೆ. ಗೋಕರ್ಣೇಶ್ವರ, ರಾಮೇಶ್ವರ, ಹಾಟಕೇಶ್ವರ, ಚಕ್ರತೀರ್ಥ, ರಾಮತೀರ್ಥ: ದೂರದ ಕ್ಷೇತ್ರಗಳನ್ನೆಲ್ಲ ಒಂದು ಪಟ್ಟಣದ ಸುತ್ತ ತಂದು ನೆಲೆಗೊಳಿಸಿದ ಕೆಲಸ ಇದು. ಗೋಕರ್ಣಕ್ಕೆ ಹೋಗಲಾಗದವನಿಗೆ ಗೋಕರ್ಣೇಶ್ವರ ಇಲ್ಲೇ ಇದ್ದಾನೆ. ಪಲಾಶಿಕೆ ರಾಜಧಾನಿಯಾಗಿ ಮುಗಿದ ಮೇಲೂ ಕ್ಷೇತ್ರವಾಗಿ ಬಾಳಿದ್ದು ಈ ಜೋಡಣೆಯ ಬಲದಿಂದ.

ಪಾಳು ಹೇಗೆ ಬಂತು ಎಂಬುದಕ್ಕೆ ಒಂದೇ ಉತ್ತರವಿಲ್ಲ. 13ನೆಯ ಶತಮಾನದ ಆರಂಭಕ್ಕೇ ಬೆಳಗಾವಿ ಸವದತ್ತಿಯ ರಟ್ಟರ ಕೈ ಸೇರಿತ್ತು. ರಟ್ಟ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣ ಕಟ್ಟಿಸಿದ, ಇಂದು ಕಮಲ ಬಸದಿ ಎನಿಸಿಕೊಂಡಿರುವ ಜಿನಾಲಯದ ಶಾಸನ 1204ರದು. ಅನಂತರ ಯಾದವರು, ದೆಹಲಿಯ ದಂಡುಗಳು, ಬಹಮನಿಗಳು, ವಿಜಯನಗರ ಎಂದು ಒಡೆಯರು ಬದಲಾದಂತೆ ಗುಡಿಗಳಿಗೆ ಬಿಟ್ಟ ಭೂಮಿಗಳ ಲೆಕ್ಕ ಕೈತಪ್ಪಿತು. ದತ್ತಿಯ ಭೂಮಿ ಹೋದ ಮೇಲೆ ದುರಸ್ತಿಯ ಹಣವಿಲ್ಲ. ದುರಸ್ತಿಯಿಲ್ಲದ ಕಲ್ಲಿನ ಸಂದಿಯಲ್ಲಿ ಆಲ ಅತ್ತಿಗಳ ಬೀಜ ಮೊಳೆಯುತ್ತದೆ, ಬೇರು ಕಲ್ಲನ್ನು ಸರಿಸುತ್ತದೆ, ಸರಿದ ಜಾಗದಲ್ಲಿ ಮಳೆನೀರು ಇಳಿಯುತ್ತದೆ. ಘಟ್ಟದ ಸೀಮೆಯಲ್ಲಿ ಗುಡಿ ಬೀಳಲು ದಾಳಿಕಾರನೇ ಬೇಕೆಂದಿಲ್ಲ. ನೂರು ಮಳೆಗಾಲದ ಅಲಕ್ಷ್ಯವೂ ಸಾಕು. ಗುಡ್ಡದ ಮೇಲಿನ ಗುಡಿಗೆ ಗಾಳಿಮಳೆಯ ಹೊಡೆತ ಇನ್ನೂ ಹೆಚ್ಚು.

ಆಧುನಿಕ ಕಾಲದಲ್ಲಿ ಹಲಸಿಯನ್ನು ಓದುಲೋಕಕ್ಕೆ ತಂದವರು ಮುಖ್ಯವಾಗಿ ಫ್ಲೀಟ್. 1884ರ ಬಾಂಬೆ ಪ್ರೆಸಿಡೆನ್ಸಿ ಗ್ಯಾಝೆಟಿಯರಿನ ಬೆಳಗಾವಿ ಸಂಪುಟ ಅವರ ಓದನ್ನು ಬಳಸಿಕೊಂಡಿತು. ಹೆನ್ರಿ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲೆ ಬರೆದರು. ಐದು ವರ್ಷಗಳಲ್ಲಿ ಮೊರಾಯಸ್ ಅವರ ಗ್ರಂಥ ಬಂತು. ಇವರೆಲ್ಲರ ಗಮನ ಶಾಸನಗಳ ಮೇಲೆ ಮತ್ತು ದೊಡ್ಡ ಗುಡಿಯ ಮೇಲೆ. ಗುಡ್ಡ, ತೀರ್ಥ, ಬಿದ್ದ ಕಲ್ಲು, ಊರ ಹೊರಗಿನ ದಿಬ್ಬಗಳು ಅವರ ಪುಟಗಳಲ್ಲಿ ಹಿನ್ನೆಲೆಯಾಗಿಯೇ ಉಳಿದವು. ತಾಮ್ರ ಹೇಳುವ ಜಿನಾಲಯಗಳ ಅಡಿಪಾಯ ಇರಬೇಕಾದದ್ದು ಈ ಹಿನ್ನೆಲೆಯಲ್ಲೇ.

ಇಲ್ಲಿ ಆಗಬೇಕಾದ ಕೆಲಸ ಕಷ್ಟದ್ದಲ್ಲ, ಆದರೆ ತುರ್ತಿನದು. ಚಕ್ರತೀರ್ಥದ ಸುತ್ತಲಿನ ದಿಬ್ಬವನ್ನೂ ರಾಮತೀರ್ಥದ ಗುಡ್ಡವನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ, ಮೇಲ್ಮೈಯಲ್ಲಿ ಕಾಣುವ ಇಟ್ಟಿಗೆ, ಮಡಕೆ ಚೂರು, ಕೆತ್ತಿದ ಕಲ್ಲುಗಳನ್ನು ದಾಖಲಿಸಬೇಕು. ಪಟಗಳಲ್ಲಿ ಬರುವ ಖೇಟಗ್ರಾಮ, ಪುರುಖೇಟಕ, ಮಾತೃಸರಿತ್, ಇಂಗಿಣಿ ಸಂಗಮ ಇಂದಿನ ಯಾವ ಊರು, ಯಾವ ಹೊಳೆ ಎಂಬುದನ್ನು ಹಳ್ಳಿಯ ಹೊಲಗಳ ಹೆಸರು, ಕಂದಾಯದ ಹಳೆಯ ಕಡತಗಳ ಜೊತೆ ಹೋಲಿಸಿ ನೋಡಬೇಕು. ಆ ಹೆಸರುಗಳು ಕನ್ನಡ ಮರಾಠಿ ಎರಡನ್ನೂ ಆಡುವ ಇಲ್ಲಿನ ರೈತರ ಬಾಯಲ್ಲಿ ಇರುವಾಗಲೇ ಈ ಕೆಲಸ ಮುಗಿಯಬೇಕು. ಭಕ್ತಿಯಿಂದ ಗುಡಿ ಸರಿಮಾಡಲು ಮುಂದಾಗುವವರು ಸಿಮೆಂಟಿನ ಗಿಲಾವು, ಎಣ್ಣೆಬಣ್ಣ, ಟೈಲ್ಸ್‌ಗಳನ್ನು ಹಳೆಯ ಕಲ್ಲಿನ ಹತ್ತಿರ ತರಬಾರದು. ಬಿದ್ದ ಕಲ್ಲನ್ನು ಬಿದ್ದಲ್ಲೇ ಬಿಟ್ಟು ಗಿಡದ ಬೇರು ಬಿಡಿಸಿದರೆ ಅದೇ ದೊಡ್ಡ ಸೇವೆ. ಖಾನಾಪುರ, ನಂದಗಡ, ಗುಂಜಿಯ ಶಾಲೆಕಾಲೇಜುಗಳ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಹಲಸಿಗೆ ಕರೆದೊಯ್ದು, ಕಾಕುಸ್ಥ ಮತ್ತು ರವಿವರ್ಮರ ಪಟಗಳನ್ನು ಅನುವಾದದಲ್ಲಾದರೂ ಅಲ್ಲಿಯೇ ಓದಿಸಬೇಕು.